ಬೇಸ್‌ಬಾಲ್ ಮುದುಕನ ಸಹಿ

ಗಂಡ ತೀರಿಕೊಂಡ ಮೇಲೆ ಅವರ ಹುಚ್ಚುಗಳನ್ನು ಏನು ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಬಟ್ಟೆಗಳನ್ನು ದಾನ ಕೊಡಬಹುದು. ಕನ್ನಡಕವನ್ನು ಚಾರಿಟಿ ಅಂಗಡಿಯವರು ತೆಗೆದುಕೊಳ್ಳುತ್ತಾರೆ. ಆದರೆ ಒಬ್ಬನೇ ಆಟಗಾರನ ಮೂವತ್ತೊಂದು ಬೇಸ್‌ಬಾಲ್ ಕಾರ್ಡುಗಳನ್ನು, ಒಂದೊಂದರ ಮೇಲೂ ಅದೇ ಸಹಿ ಇರುವುದನ್ನು, ಡಬ್ಲಿನ್ನಿನ ಅಂಚಿನ ಈ ಸಿಟಿವೆಸ್ಟಿನಲ್ಲಿ ಯಾರಿಗೆ ಕೊಡಲಿ? ಪಕ್ಕದ ಮನೆಯ ಐರಿಶ್‌ನವರಿಗೆ ಕೋಲು-ಚೆಂಡಿನ ತಮ್ಮ ಹರ್ಲಿಂಗ್ ಒಂದೇ ಆಟ, ಉಳಿದದ್ದೆಲ್ಲ ವ್ಯಾಯಾಮ.

ನಮ್ಮ ಯಜಮಾನರು ಮೈಸೂರಿನವರು, ಕ್ರಿಕೆಟ್ ನೋಡುತ್ತ ಬೆಳೆದವರು. ಕಂಪನಿ ಕೆಲಸಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗಿ, ಅಲ್ಲಿ ಒಬ್ಬ ಬೇಸ್‌ಬಾಲ್ ಎಸೆತಗಾರನಿಗೆ ಮನಸೋತು ಬಂದರು. ಯಾರಾದರೂ ಹೆಂಗಸಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವನು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಂತೆ; ಹೆಸರು ಬೇಡ, ಪಾಪ, ಇನ್ನೂ ಬದುಕಿದ್ದಾನೆ. ಅವನು ನಿವೃತ್ತನಾದ ಮೇಲೆ ಇವರು ಅವನ ಕಾರ್ಡುಗಳನ್ನು ಕೊಂಡು ಒಂದೊಂದಾಗಿ ಅವನ ಮನೆಗೇ ಅಂಚೆಯಲ್ಲಿ ಕಳಿಸುತ್ತಿದ್ದರು. ಜೊತೆಗೆ ನಮ್ಮ ವಿಳಾಸ ಬರೆದು, ಅಮೆರಿಕದ ಸ್ಟಾಂಪು ಅಂಟಿಸಿದ ಒಂದು ಲಕೋಟೆ. ಅವನು ಸಹಿ ಹಾಕಿ ಆ ಲಕೋಟೆಯಲ್ಲಿಟ್ಟು ವಾಪಸು ಕಳಿಸುತ್ತಿದ್ದ. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

ಹೋದ ಆಯುಧಪೂಜೆಯ ದಿನ ನಾನು ಭಕ್ತಿಯಿಂದ ಒಂದು ಅಪರಾಧ ಮಾಡಿದೆ.

“ಏನೇ ಇದು? ಸಹಿ ಮೇಲೆ ಕುಂಕುಮ ಮೆತ್ತಿದ್ದೀಯಲ್ಲೇ!”

“ಕಾರಿಗಿಟ್ಟೆ, ಲ್ಯಾಪ್‌ಟಾಪಿಗಿಟ್ಟೆ, ಮಿಕ್ಸಿಗಿಟ್ಟೆ. ಇವನೊಬ್ಬನನ್ನ ಬಿಟ್ರೆ ಬೇಜಾರು ಮಾಡ್ಕೋತಾನೇನೋ ಅಂತ ಇಟ್ಟೆ ಕಣ್ರೀ.”

“ಅವನು ಮನುಷ್ಯ ಕಣೇ!”

“ನೀವು ಅವನನ್ನ ಮನುಷ್ಯನ ಥರ ಇಟ್ಕೊಂಡಿದ್ರೆ ನಾನ್ಯಾಕೆ ಪೂಜೆ ಮಾಡ್ತಿದ್ದೆ?”

ಎರಡು ದಿನ ಕಾಫಿಯನ್ನು ತಾವೇ ಮಾಡಿಕೊಂಡರು. ಮೂರನೆಯ ದಿನ ಅಂಥದೇ ಇನ್ನೊಂದು ಕಾರ್ಡನ್ನು ಅಂಚೆಗೆ ಹಾಕಿ ಬಂದು, ಕಾಫಿ ಕೇಳಿದರು. ಅದಾಗಿ ಮೂರು ವಾರಕ್ಕೆ, ಆಫೀಸಿಗೆ ಹೊರಟವರು ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಂತೆಯೇ ಹೊರಟುಹೋದರು. ಜೀವನದಲ್ಲಿ ಎಲ್ಲಿಗೂ ಹೇಳದೆ ಹೋದವರಲ್ಲ.

ಐದು ತಿಂಗಳ ಮೇಲೆ ಧೈರ್ಯ ಮಾಡಿ ಕಾರ್ಡಿನ ಡಬ್ಬವನ್ನು ಚಾರಿಟಿ ಅಂಗಡಿಯ ಚೀಲಕ್ಕೆ ಹಾಕಿದೆ. ಅದೇ ಬೆಳಗ್ಗೆ ಮಗಳು ಬಾಗಿಲಲ್ಲಿ ಬಿದ್ದಿದ್ದ ಟಪಾಲು ಎತ್ತಿಕೊಂಡು ಅಲ್ಲೇ ನಿಂತುಬಿಟ್ಟಳು.

“ಅಮ್ಮಾ, ದಿಸ್ ಈಸ್ ಅಪ್ಪಾಸ್ ರೈಟಿಂಗ್.”

ಹೌದು, ಅವರದೇ ಅಕ್ಷರ. ಡಬ್ಲಿನ್‌ನ ‘ಡಿ’ಗೆ ಎಂದಿನಂತೆ ದೊಡ್ಡ ಹೊಟ್ಟೆ. ಸತ್ತ ಗಂಡನ ಕೈಬರಹದಲ್ಲಿ ಮನೆಗೆ ಕಾಗದ ಬಂದರೆ ಏನು ಮಾಡಬೇಕೆಂಬುದನ್ನೂ ಶಾಸ್ತ್ರ ಹೇಳಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಕುಂಕುಮದ ಜಗಳದ ಮೇಲೆ ಅವರು ಅಂಚೆಗೆ ಹಾಕಿದ್ದ ಕಾರ್ಡು ಸಹಿಯಾಗಿ ಒಳಗಿದ್ದುದನ್ನು ನೋಡಿದ್ದು ಮರುದಿನ.

ಆಮೇಲೆ ಚೀಲದಿಂದ ಡಬ್ಬವನ್ನು ವಾಪಸು ತೆಗೆದೆ. ಅದರ ತಳದಲ್ಲಿ ಸಹಿಯಿಲ್ಲದ ಕಾರ್ಡುಗಳು ಒಂದಷ್ಟು. ಜೊತೆಗೆ, ಅವರೇ ನಮ್ಮ ವಿಳಾಸ ಬರೆದು ಸ್ಟಾಂಪು ಅಂಟಿಸಿಟ್ಟಿದ್ದ ಹನ್ನೊಂದು ಲಕೋಟೆಗಳು. ಆ ವಾರವೇ ನಾನು ಎಸೆತಗಾರನಿಗೆ, “ನಾನು ತಮ್ಮ ಪರಮ ಅಭಿಮಾನಿ” ಎಂದು ಕಾಗದ ಬರೆದು, ಒಂದು ಕಾರ್ಡನ್ನೂ ಒಂದು ಲಕೋಟೆಯನ್ನೂ ಜೊತೆಗಿಟ್ಟೆ.

“ಬಟ್ ಅಮ್ಮಾ, ಯೂ ಡೋಂಟ್ ಈವನ್ ನೋ ದ ರೂಲ್ಸ್!”

“ನಿಮ್ಮಪ್ಪನಿಗೂ ಪೂರ್ತಿ ಗೊತ್ತಿರ್ಲಿಲ್ಲ, ಸುಮ್ನಿರು.”

“ಗ್ರ್ಯಾಂಡ್ ಸೋ,” ಎಂದು ಇಲ್ಲಿಯವರ ಹಾಗೆ ಒಪ್ಪಿಕೊಂಡು ಅವಳೇ ಹೋಗಿ ಪೋಸ್ಟ್ ಮಾಡಿ ಬಂದಳು.

ಇದುವರೆಗೆ ಎರಡು ವಾಪಸು ಬಂದಿವೆ. ಕಾರ್ಡನ್ನು ಡಬ್ಬಕ್ಕೆ ಹಾಕಿ, ಖಾಲಿ ಲಕೋಟೆಯನ್ನು ಜೋಪಾನವಾಗಿ ಆಲ್ಬಮ್ಮಿಗೆ ಸೇರಿಸುತ್ತೇನೆ. ಎಸೆತಗಾರನಿಗೀಗ ಎಪ್ಪತ್ತು ದಾಟಿದೆಯಂತೆ. ಅವನ ಹೆಸರು ಕೇಳಿದರೆ ಮೂಗು ಮುರಿಯುತ್ತಿದ್ದ ನಾನೇ ಈಗ ಪ್ರತಿ ಶನಿವಾರ ಹನುಮಂತನಿಗೆ ದೀಪ ಹಚ್ಚಿ, ಆ ಮುದುಕನ ಬೆರಳುಗಳಿಗೆ ವಾತ ಹಿಡಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.