ಪೂಜೆಯಲ್ಲಿ ಸಿಕ್ಕಿಬಿದ್ದ ಆಮೆ

ಭಕ್ತಿಯೂ ಸೋಮಾರಿತನವೂ ಒಂದೇ ಮನೆಯಲ್ಲಿದ್ದರೆ ಅವೆರಡಕ್ಕೂ ಬೇಗ ಗೆಳೆತನ ಬೆಳೆಯುತ್ತದೆ. ಒಂದಕ್ಕೆ ಬೇಡವಾದ ಕೆಲಸವನ್ನು ಇನ್ನೊಂದು ತಪ್ಪಿಸಿಕೊಡುತ್ತದೆ. ನನಗೆ ಅಡುಗೆಯ ಬೇಸರ ಬಂದ ದಿನವೇ ಏಕಾದಶಿ ಬಂದರೆ ಒಲೆ ತಣ್ಣಗಿರುತ್ತದೆ, ಜನ ನನ್ನನ್ನು ಭಕ್ತೆ ಎನ್ನುತ್ತಾರೆ. ನಾನೂ ಅಲ್ಲ ಎನ್ನುವುದಿಲ್ಲ. ಆದರೆ ಈ ಸಲದ ನವರಾತ್ರಿಯಲ್ಲಿ ಈ ಜೋಡಿ ಸೇರಿಕೊಂಡು ನನ್ನನ್ನು ಎಂಥ ಇಕ್ಕಟ್ಟಿಗೆ ನೂಕಿತೆಂದರೆ, ಉಪವಾಸದ ಅವಲಕ್ಕಿಯೂ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಂಕೋಲಾದಿಂದ ಹಟ್ಟಿಕೇರಿ ಕಡೆಗೆ ಬರುವ ದಾರಿಯಲ್ಲಿ ನಮ್ಮೂರು. ಊರಿಗೊಂದು ಸಣ್ಣ ಗ್ರಂಥಾಲಯವಿದೆ. ಮಳೆ ಹಿಂದೆ ಸರಿದು, ಗದ್ದೆಯಲ್ಲಿ ಕದಿರು ಬಾಗಿ, ಶಾಲೆಗೆ ದಸರಾ ರಜೆ ಸಿಕ್ಕಿದ್ದೇ ತಡ, ಅಲ್ಲಿಯ ಗ್ರಂಥಪಾಲಕಿ ‘ಮನೆಮಂದಿಯ ಓದು’ ಎಂದು ಕಾರ್ಯಕ್ರಮ ಹೂಡಿದರು. ಯಾರಿಗೆ ಯಾವ ಪುಸ್ತಕ ಹಿಡಿಸೀತು ಎಂದು ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಅಜ್ಜಿ ಮೊಮ್ಮಕ್ಕಳು ಕೂಡಿ ಓದಲು ಇಂಥದ್ದು, ಓದು ಬಿಟ್ಟು ಬಹಳ ವರ್ಷವಾದವರಿಗೆ ಇಂಥದ್ದು, ಕುಕ್ಕರಿನ ಎರಡು ಸೀಟಿಗಳ ನಡುವೆ ಓದಿ ಮಡಚಿಡಲು ಇಂಥದ್ದು. ಆ ಕೊನೆಯದು ಮೊಟ್ಟೆ ಇಡಲು ದಂಡೆಗೆ ಬರುವ ಒಂದು ಆಮೆಯ ಕತೆ. ತೆಳ್ಳಗಿನ ಪುಸ್ತಕ, ದಪ್ಪ ಅಕ್ಷರ, ಇದ್ದದ್ದು ಒಂದೇ ಪ್ರತಿ. ನವಮಿಯ ಭಾನುವಾರ ಸಂಜೆ ಎಲ್ಲರೂ ಸೇರಬೇಕು. ಒಂದೊಂದು ಮನೆಯಿಂದ ಒಬ್ಬರು ಎದ್ದು ನಾಲ್ಕು ಹಾಳೆ ಓದಬೇಕು, ಇಲ್ಲವೇ ಓದಿದ್ದನ್ನು ಹೇಳಬೇಕು.

ಆಮೆಯ ಪುಸ್ತಕಕ್ಕೆ ಮೊದಲು ಹೆಸರು ಬರೆಸಿದವಳು ಗುಲಾಬಕ್ಕ. ನಮ್ಮ ಮನೆಗೆ ಹದಿನೈದು ವರ್ಷದಿಂದ ಮೀನು ಕೊಡುವವಳು. ಈ ಮಳೆಗಾಲದಲ್ಲಿ ದೋಣಿಗಳೆಲ್ಲ ದಡದ ಮೇಲೆ ಕೂತಿದ್ದಾಗ, ಐವತ್ತು ದಾಟಿದ ಮೇಲೆ, ಮೊಮ್ಮಗಳ ಪಾಟಿಯ ಮೇಲೆ ಅಕ್ಷರ ಕಲಿತಳು. ಅವಳು ಹೆಸರು ಬರೆಸಿದ್ದು ಕಂಡು ನನಗೇನಾಯಿತೋ, ಪಿ.ಯು.ಸಿ. ಓದಿದ ನಾನು ಸುಮ್ಮನಿರುವುದೇ ಎನಿಸಿ, ಅದೇ ಆಮೆಯ ಕತೆಯನ್ನು ನಾನು ಬಾಯಲ್ಲಿ ಹೇಳುತ್ತೇನೆ ಎಂದು ನನ್ನ ಹೆಸರನ್ನೂ ಬರೆಸಿದೆ. ಗುರುವಾರ ಗುಲಾಬಕ್ಕ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದುಕೊಟ್ಟಳು. “ವೈನಿ, ಕಡೇ ನಾಕು ಹಾಳೆಲಿ ಮೂರು ನಂಗೆ ಬತ್ತದೆ. ನಾಕನೇದ್ರಲ್ಲಿ ಬರೀ ಒತ್ತಕ್ಷರ. ಶನಿವಾರ ಸಂಜೆಗೆ ತಿರುಗಿ ಕೊಡಿ ಹಾಂ. ಮೀನುಪೇಟೆಯವ್ರೆಲ್ಲ ಕೇಳೂಕೆ ಬತ್ರಂತೆ, ನಾ ತಡವರ್ಸಿದ್ರೆ ವರ್ಷಿಡೀ ನಗಾಡ್ತ್ರು.”

ಅಂದು ರಾತ್ರಿ ಎರಡು ಹಾಳೆ ಓದಿದೆ. ಆಮೆ ನೀರಿನಿಂದ ತಲೆ ಎತ್ತುವ ಮೊದಲೇ ನಾನು ದಿಂಬಿಗೆ ತಲೆ ಇಟ್ಟಿದ್ದೆ. ಮರುದಿನ ಸಪ್ತಮಿ. ನಮ್ಮಲ್ಲಿ ಸಪ್ತಮಿಗೆ ಪುಸ್ತಕಗಳನ್ನು ಸರಸ್ವತಿಯ ಮುಂದೆ ಪೂಜೆಗಿಟ್ಟರೆ ದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ, ಓದು ಬರಹ ಎರಡೂ ಇಲ್ಲ. ಮಗಳ ಪಠ್ಯಪುಸ್ತಕ, ಅತ್ತೆಯ ಭಜನೆ ಪುಸ್ತಕ, ಪಂಚಾಂಗ ಎಲ್ಲ ಪೇರಿಸುವಾಗ ಆಮೆಯನ್ನೂ ನಡುವೆ ಸೇರಿಸಿದೆ. ಮರೆತು ಸೇರಿಸಿದೆ ಎಂದು ಹೇಳಬಹುದಿತ್ತು. ಆದರೆ ದೇವರ ಪಟ ಎದುರಿಗಿದೆ, ನಿಜವನ್ನೇ ಹೇಳುತ್ತೇನೆ. ಪೂಜೆಗಿಟ್ಟ ಪುಸ್ತಕದ ಕತೆ ಹೇಳು ಎಂದು ಯಾರು ತಾನೆ ಕೇಳಿಯಾರು ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇತ್ತು. ಗುಲಾಬಕ್ಕನ ನಾಲ್ಕನೆಯ ಹಾಳೆ ನೆನಪಾದದ್ದು ಮಂಗಳಾರತಿ ಆದ ಮೇಲೆ.

ಶನಿವಾರ ಸಂಜೆ ಅವಳು ಬಂದಳು. ನವರಾತ್ರಿಯಲ್ಲಿ ನಾವು ಮೀನು ತಿನ್ನುವುದಿಲ್ಲವಾದ್ದರಿಂದ ಬುಟ್ಟಿ ಇಲ್ಲದೆ, ತಲೆಗೆ ಅಬ್ಬಲಿಗೆ ಮುಡಿದು, ಮೆಟ್ಟಿಲ ಕೆಳಗೆ ನಿಂತಳು. ನಾನು ತಡೆತಡೆದು ವಿಷಯ ಹೇಳಿದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಳಗೆ ಉರಿಯುತ್ತಿದ್ದ ದೀಪದ ಕಡೆಗೆ ಕೈ ಮುಗಿದಳು.

“ದೇವ್ರ ಮುಂದೆ ಇಟ್ಟದ್ದ ಹ್ಯಾಂಗೆ ಕೇಳೂದು? ಬಿಡಿ ವೈನಿ. ಇವ್ಳಿಗ್ಯಾಕೆ ಓದು ಹೇಳಿ ಆ ಸರಸ್ವತಿಗೇ ಕಂಡಿತ್ತೇನ.”

ಹಾಗೆಂದು ಹೊರಟೇಹೋದಳು. ನಮ್ಮ ಮನೆಯವರು ಇದ್ದಲ್ಲಿಂದಲೇ, “ಮೊಬೈಲಲ್ಲಿ ಹಾಳೆಯ ಫೋಟೋ ತೆಗೆದು ಕಳಿಸು” ಎಂದರು. ಮುಚ್ಚಿದ ಪುಸ್ತಕದ ಫೋಟೋ ತೆಗೆಯುವ ಮೊಬೈಲು ಇನ್ನೂ ಕಾರವಾರದ ಅಂಗಡಿಗೂ ಬಂದಿಲ್ಲ ಎಂದು ಅವರಿಗೆ ಯಾರು ಹೇಳಬೇಕು!

ಭಾನುವಾರ ಬೆಳಿಗ್ಗೆ ಮಿಂದು ದೇವರನ್ನೇ ಕೇಳುವುದೆಂದು ಕೂತೆ. ದೇವಸ್ಥಾನದಲ್ಲಿ ಪ್ರಸಾದ ಕೇಳುವ ಹಾಗೆ, ಪಟದ ಎರಡೂ ಬದಿಗೆ ಒದ್ದೆ ಮಾಡಿದ ಹೂವಿನ ಎಸಳು ಅಂಟಿಸಿದೆ. ಬಲಗಡೆಯದು ಬಿದ್ದರೆ ಪುಸ್ತಕ ತೆಗೆಯಬಹುದು, ಎಡಗಡೆಯದು ಬಿದ್ದರೆ ಕೂಡದು. ಮೊದಲ ಸಲ ಎರಡೂ ಒಟ್ಟಿಗೇ ಬಿದ್ದವು. ಎರಡನೆಯ ಸಲ ಯಾವುದೂ ಅಲುಗಲಿಲ್ಲ. ಗಡಿಯಾರ ಹತ್ತು ಹೊಡೆಯಿತು. ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ಮೂರನೆಯ ಸಲಕ್ಕೆ ಫ್ಯಾನ್ ಹಾಕೋಣವೆಂದು ನಾನು ಎದ್ದದ್ದನ್ನು ಅತ್ತೆ ನೋಡಿದರು.

“ಎಂತದೇ ಅದು? ಎಷ್ಟು ಸಲ ಕೇಳ್ತಿ? ಅವ್ಳಿಗೆ ಬೇರೆ ಕೆಲ್ಸ ಇಲ್ವಾ?”

“ಆಯಿ, ಗುಲಾಬಕ್ಕನ ಪುಸ್ತಕ ಪೂಜೆಲಿ ಕೂತಿದೆ. ದಶಮಿಯ ಮೊದ್ಲು ತೆಗದ್ರೆ ಪಾಪ ಅಲ್ವಾ?”

“ಎಷ್ಟು ಹಾಳೆ ಅದು?”

“ಇಪ್ಪತ್ನಾಕು.”

“ಕೂತು ಎರಡು ದಿನ ಆಯ್ತು. ಸರಸ್ವತಿ ಓದಿ ಮುಗ್ಸಿರ್ತಾಳೆ, ಕೊಟ್ಟು ಬಾ. ನಿನ್ನ ಹಾಂಗೆ ಎರಡೇ ಹಾಳೆಗೆ ನಿದ್ದೆ ಬತ್ತದೆ ಹೇಳಿ ತಿಳ್ದಿದ್ಯಾ ಅವ್ಳಿಗೆ?”

ನಾನು ಎರಡು ಹಾಳೆಗೇ ಮಲಗಿದ್ದು ಇವರಿಗೆ ಹೇಗೆ ಗೊತ್ತಾಯಿತೋ, ಆ ತಾಯಿಯೇ ಬಲ್ಲಳು. ತಪ್ಪುಕಾಣಿಕೆ ಇಟ್ಟು, ಕೆನ್ನೆ ಬಡಿದುಕೊಂಡು, ಆಮೆಯನ್ನು ಎಳೆದೆ. ಪೇರಿಕೆ ಕುಸಿಯಬಾರದೆಂದು ಅದರ ಜಾಗಕ್ಕೆ ನನ್ನ ಪಿ.ಯು.ಸಿ. ಅಂಕಪಟ್ಟಿಯ ಫೈಲು ತುರುಕಿದೆ. ಅದನ್ನಂತೂ ಕೇಳಿಕೊಂಡು ಯಾರೂ ಬರುವುದಿಲ್ಲ.

ಬಸ್ಸು ಕೂಡಲೇ ಸಿಕ್ಕಿತು, ಅದೊಂದು ಕೃಪೆ. ಭಾನುವಾರ ಗುಲಾಬಕ್ಕ ಕೂರುವುದು ಅಂಕೋಲಾ ಮೀನುಪೇಟೆಯಲ್ಲಿ. ವ್ರತದಲ್ಲಿದ್ದ ನಾನು, ಹಣೆತುಂಬ ಕುಂಕುಮ ಇಟ್ಟುಕೊಂಡು, ಮೀನು ತೊಳೆದ ನೀರಿನಲ್ಲಿ ಸೀರೆಯ ಅಂಚು ಎತ್ತಿ ನಡೆದೆ. “ಏನ್ ವೈನಿ, ನವಮಿಗೆ ಬಂಗಡೆ ನೈವೇದ್ಯವಾ?” ಎಂದು ಸಾಲಿನ ಹೆಂಗಸರು ನಕ್ಕರು. ಗುಲಾಬಕ್ಕ ನಗಲಿಲ್ಲ. ಪುಸ್ತಕ ಕಂಡದ್ದೇ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

“ಮೀನಿನ ಕೈ ನಂದು. ಪೂಜೆಯಿಂದ ಬಂದದ್ದ ಮುಟ್ಟೂದಿಲ್ಲ.”

ಹೀಗಾಗಿ ಹಿಡಿಯುವ ಕೆಲಸ ನನಗೇ ಬಂತು. ಬುಟ್ಟಿಯ ಎದುರು ಕುಕ್ಕುರುಗಾಲಲ್ಲಿ ಕೂತು, ನಾಲ್ಕನೆಯ ಹಾಳೆಯನ್ನು ಅವಳ ಕಣ್ಣಿಗೆ ಹಿಡಿದೆ. ಅವಳು ಒಂದೊಂದೇ ಒತ್ತಕ್ಷರವನ್ನು ಮುಳ್ಳು ಬಿಡಿಸಿದ ಹಾಗೆ ಬಿಡಿಸಿದಳು. ನಡುನಡುವೆ “ನಿಲ್ಲು ಮಾರಾಯಾ, ಓದೂದು ಕಾಣ್ತಿಲ್ವಾ?” ಎಂದು ಗಿರಾಕಿಗಳನ್ನು ಗದರಿಸಿದಳು. ಹನ್ನೆರಡು ಸಲ ಓದಿಸಿದೆ. ನನ್ನ ಮೊಣಕಾಲು ಹಿಡಿದುಕೊಂಡಿತು. ಆದರೆ ಅಕ್ಷರಗಳು ನನ್ನ ಕಡೆಗೆ ತಲೆಕೆಳಗಾಗಿದ್ದುದರಿಂದ ಓದಬಾರದೆಂಬ ನನ್ನ ನೇಮ ಉಳಿಯಿತು. ಅದೂ ಒಂದು ಕೃಪೆಯೇ.

ಸಂಜೆ ಅತ್ತೆಯ ಜೊತೆ ಹೋದರೆ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೀನುಪೇಟೆಯ ಸಾಲಿಗೆ ಸಾಲೇ ಮೊದಲ ಚಾಪೆಯಲ್ಲಿ ಕೂತಿತ್ತು. ಗುಲಾಬಕ್ಕ ಸಾಬೂನು ಹಚ್ಚಿ ಕೈ ತೊಳೆದು ಬಂದು ನಿಂತಳು. ಮೂರು ಹಾಳೆ ಸರಾಗ ಸಾಗಿತು. ನಾಲ್ಕನೆಯದರ ನಡುವೆ ತಟ್ಟನೆ ನಿಂತಳು. ಯಾರೋ ಕಿಸಕ್ಕೆಂದರು. ಮುಂದೆ ಬಾಗಿ ನೋಡಿದರೆ, ನಾನು ಪೂಜೆಯಲ್ಲಿ ಎರಚಿ, ಹೊಲಿಗೆಯ ಸಂದಿನಲ್ಲಿ ಉಳಿದಿದ್ದ ಕುಂಕುಮ ಈಗ ಹಾಳೆಗೆ ಜಾರಿ ಅರ್ಧ ಸಾಲು ಮುಚ್ಚಿದೆ! ಹೇಳಿಕೊಡೋಣವೆಂದರೆ ನಾನು ಆ ಹಾಳೆಯನ್ನು ನೆಟ್ಟಗೆ ನೋಡಿದವಳೇ ಅಲ್ಲ, ಹನ್ನೆರಡು ಸಲ ಕೇಳುವಾಗಲೂ ಗಮನವೆಲ್ಲ ಮೊಣಕಾಲಿನ ಮೇಲಿತ್ತು. ಗುಲಾಬಕ್ಕ ಅವಸರ ಮಾಡಲಿಲ್ಲ. ಉಂಗುರಬೆರಳಿನಿಂದ ಕುಂಕುಮವನ್ನು ಮೆಲ್ಲಗೆ ಒರೆಸಿ, ಅದನ್ನೇ ಹಣೆಗೆ ಹಚ್ಚಿಕೊಂಡು, ಅಡಿಯಲ್ಲಿದ್ದ ಸಾಲನ್ನು ಗಟ್ಟಿಯಾಗಿ ಓದಿ, ಆಮೆಯನ್ನು ನೀರಿಗೆ ಮುಟ್ಟಿಸಿದಳು. ಮೀನುಪೇಟೆ ಹಾಕಿದ ಚಪ್ಪಾಳೆಗೆ ಕಿಟಕಿಯಲ್ಲಿದ್ದ ಕಾಗೆ ಹಾರಿತು.

ನನ್ನ ಸರದಿ ಬಂತು. ಎದ್ದು ನಿಂತು, ಕತೆಯನ್ನು ಗುಲಾಬಕ್ಕ ಓದಿದ ಮೇಲೆ ನಾನು ಹೇಳುವುದೇನೂ ಉಳಿದಿಲ್ಲ ಎಂದೆ. ಹೊಟ್ಟೆಕಿಚ್ಚಿಲ್ಲದ ಹೆಂಗಸು ಎಂದು ಎಲ್ಲರೂ ಮೆಚ್ಚಿದರು. ಹೊರಡುವಾಗ ಗ್ರಂಥಪಾಲಕಿ ದಾಖಲೆ ಪುಸ್ತಕ ಮುಂದೆ ಹಿಡಿದರು. ‘ಈ ಪುಸ್ತಕವನ್ನು ನಿಮ್ಮ ಮನೆಯಲ್ಲಿ ಪೂರ್ತಿ ಓದಿದವರು ಎಷ್ಟು?’ ಎಂಬ ಸಾಲು. ನವಮಿಯ ದಿನ ನಾನು ಬರೆಯುವಂತಿಲ್ಲ, ಸುಳ್ಳಂತೂ ಹೇಳುವಂತಿಲ್ಲ.

“ಒಬ್ಬರು ಅಂತ ನೀವೇ ಬರೆದುಕೊಳ್ಳಿ” ಎಂದೆ.

ಅವರು ನನ್ನನ್ನು ನೋಡಿ ಮೆಚ್ಚುಗೆಯಿಂದ ನಕ್ಕು ಬರೆದುಕೊಂಡರು. ಆ ಒಬ್ಬರು ಮನೆಯ ಪಟದಲ್ಲಿ ಕೂತಿದ್ದಾರೆಂದು ಗೊತ್ತಿದ್ದ ಅತ್ತೆ, ಪುಣ್ಯಕ್ಕೆ, ಅಷ್ಟು ಹೊತ್ತಿಗೆ ಚಪ್ಪಲಿ ಹುಡುಕುತ್ತಿದ್ದರು.