ನನ್ನ ಬಂಡಿಯ ಹಿಂದಿನ ಹಳದಿ ಬಾವುಟ: ಕಾರ್ಟ್ ಆಟದ ತಯಾರಕರ ಸನ್ನಿಧಿಗೆ

ಪುಟ್ಟ ಬಂಡಿಗಳ ಕಾರ್ಟ್ ರೇಸ್ ವಿಡಿಯೊ ಆಟವನ್ನು ಮೊದಲ ಆವೃತ್ತಿಯಿಂದ ಇಂದಿನವರೆಗೆ ಸಾಕಿ ಸಲಹಿದ ಮಾನ್ಯರೇ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ಕಾಲೇಜಿನಲ್ಲಿ ನನಗಿದು ಮೊದಲ ವರ್ಷ. ಕ್ಯಾಂಟೀನಿನಲ್ಲಿ ಒಂದು ಕಾಫಿ ಕೇಳಬೇಕಾದರೂ ಮನಸ್ಸಿನೊಳಗೆ ರಿಹರ್ಸಲ್ ಮಾಡಿಕೊಳ್ಳುವವಳು. ಹಾಸ್ಟೆಲ್ ಶಾಲೆಯಲ್ಲಿ ಬೆಳೆದದ್ದರಿಂದ ನನ್ನ ಕನ್ನಡ ಅರ್ಧ ಇಂಗ್ಲಿಷು, ಇಂಗ್ಲಿಷು ಪೂರ್ತಿ ಗಾಬರಿ. ಆದರೆ ಭಾನುವಾರ ಹತ್ತಿರ ಬರುತ್ತಿದೆ, ನನಗೆ ಬೇರೆ ದಿಕ್ಕಿಲ್ಲ.

ಶಾಲೆಯ ಹಾಸ್ಟೆಲಿನ ಹಳೇ ಟಿವಿಯಲ್ಲಿ ನಾನು ಆಡಿದ್ದು ತಮ್ಮ ಮೊಟ್ಟಮೊದಲ ಆವೃತ್ತಿಯನ್ನು. ರಸ್ತೆ ಚಾಪೆಯಂತೆ ಚಪ್ಪಟೆ, ಮರಗಳು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದಂತೆ, ಆಡುವವರು ಇಬ್ಬರೇ: ಸ್ಕ್ರೀನಿನ ಮೇಲಿನ ಅರ್ಧ ನನ್ನದು, ಕೆಳಗಿನ ಅರ್ಧ ಸೋಲುವವಳದು. ಅಲ್ಲಿ ನಾನು ಚಾಂಪಿಯನ್. ಸೋಲುವವಳು ನನಗಿಂತ ಐದು ವರ್ಷ ಚಿಕ್ಕವಳೆಂಬುದು ಬೇರೆ ಮಾತು. ಆಮೇಲೆ ನಾನು ಪುಸ್ತಕದಲ್ಲಿ ಮುಳುಗಿದ್ದ ವರ್ಷಗಳಲ್ಲಿ ತಾವು ಕೈಕಟ್ಟಿ ಕೂರಲಿಲ್ಲ. ರಸ್ತೆಗೆ ಏರಿಳಿತ ಕೊಟ್ಟಿರಿ, ಒಂದೇ ಬಂಡಿಗೆ ಇಬ್ಬರನ್ನು ಹತ್ತಿಸಿದಿರಿ, ನೀರಿನಡಿ ಓಡಿಸಿ ಗಾಳಿಯಲ್ಲಿ ತೇಲಿಸಿ ಕೊನೆಗೆ ಗೋಡೆಗೂ ಛಾವಣಿಗೂ ರಸ್ತೆ ಅಂಟಿಸಿದಿರಿ. ತಮ್ಮ ಪ್ರತಿಭೆಗೆ ನನ್ನ ನಮಸ್ಕಾರ. ಇಷ್ಟೆಲ್ಲ ಬದಲಾಗುವಾಗ ನನಗೊಂದು ಮಾತು ತಿಳಿಸಬಾರದಿತ್ತೇ?

ಕಾಲೇಜು ಹಾಸ್ಟೆಲಿನ ಕಾಮನ್ ರೂಮಿನಲ್ಲಿ ತಮ್ಮ ಹೊಸ ಆವೃತ್ತಿ ಇದೆಯೆಂದು ಕೇಳಿದ್ದೇ ತಡ, ಯಾರೂ ಕೇಳದಿದ್ದರೂ "ನಾನು ಸ್ಕೂಲ್ ಚಾಂಪಿಯನ್" ಎಂದುಬಿಟ್ಟೆ. ಅಲ್ಲಿ ಸ್ಕ್ರೀನು ನಾಲ್ಕು ಪಾಲಾಗಿತ್ತು. ನಾನು ಅಭ್ಯಾಸಬಲದಿಂದ ಮೇಲಿನ ಒಂದು ಪಾಲನ್ನೇ ನೋಡುತ್ತಾ, ತಿರುವು ಬಂದಾಗಲೆಲ್ಲ ಮೈಯನ್ನೂ ವಾಲಿಸುತ್ತಾ, ಎಲ್ಲರಿಗಿಂತ ಮೊದಲು ಗುರಿ ಮುಟ್ಟಿ ಎರಡೂ ಕೈ ಎತ್ತಿದೆ. ಪಕ್ಕದಲ್ಲಿದ್ದ ಸೀನಿಯರ್ ಅಕ್ಕ ಬಹಳ ಮೆತ್ತಗೆ, "ಪುಟ್ಟಾ, ಅದು ನನ್ ಗಾಡಿ. ನಿಂದು ಕೆಳಗಡೆ, ಗೋಡೆಗೆ ಮುಖ ಮಾಡ್ಕೊಂಡು ನಿಂತಿದೆ ನೋಡು" ಎಂದರು. ಅಂದಿನಿಂದ ನನ್ನ ಪಾಲು ಬಿಟ್ಟು ಬೇರೆಯವರ ಪಾಲಿನತ್ತ ನಾನು ಕಣ್ಣು ಹಾಯಿಸಿದ್ದೇ ಇಲ್ಲ.

ಮುಂದಿನ ವಾರ, ಸ್ಕ್ರೀನು ಕೇಳಿದ ಪ್ರಶ್ನೆಗೆಲ್ಲ ಓದದೆಯೇ ಯೆಸ್ ಒತ್ತಿ ಆಡಲು ಕೂತೆ. ಬಂಡಿ ಪ್ರಪಾತದ ಅಂಚಿಗೆ ಹೋಗಿ ತಾನಾಗಿಯೇ ಹಿಂದೆ ಸರಿಯಿತು. ನಾನು ಎಡಕ್ಕೆ ಒತ್ತಿದರೂ ವಿವೇಕದಿಂದ ಬಲಕ್ಕೆ ತಿರುಗಿತು. ಅದರ ಹಿಂದೆ ಒಂದು ಪುಟ್ಟ ಹಳದಿ ಬಾವುಟ ಹಾರಾಡುತ್ತಿತ್ತು. ಗೆದ್ದೆ! ಬಾವುಟವನ್ನು ತಾವು ಪ್ರತಿಭಾವಂತರಿಗೆ ಕೊಡುವ ಗೌರವವೆಂದೇ ತಿಳಿದು ಮನೆಗೆ ಫೋನ್ ಮಾಡಿ ಹೇಳಿಕೊಂಡೆ. ತಂಗಿ ಫೋನ್ ಕಿತ್ತುಕೊಂಡು, "ಅಯ್ಯೋ ಅಕ್ಕಾ, ಅದು ಚಿಕ್ಮಕ್ಕಳಿಗೆ ಹಾಕೋದು! ಗಾಡಿ ತಂತಾನೇ ಹೋಗತ್ತೆ. ನಾನೇ ಒಂದನೇ ಕ್ಲಾಸಲ್ಲಿ ಬಿಟ್ಬಿಟ್ಟೆ ಅದನ್ನ" ಎಂದಳು.

ಆ ಗೆಲುವಾದ ಮೇಲೆಯೇ, ಅಂದು ನನ್ನ ಪಕ್ಕದಲ್ಲೇ ಕೂತು ಆಡಿದ ರೂಮ್‌ಮೇಟ್ ನನ್ನನ್ನು ಭಾನುವಾರದ ಜೋಡಿ ಪಂದ್ಯಕ್ಕೆ ಆರಿಸಿಕೊಂಡಿರುವುದು. ಈ ಕಾಲೇಜಿನಲ್ಲಿ ನನ್ನನ್ನು ಯಾವುದಕ್ಕಾದರೂ ಆರಿಸಿಕೊಂಡ ಮೊದಲ ಜೀವ ಅವಳು. ಮೆಸ್ಸಿನಲ್ಲಿ ಪಕ್ಕದ ಕುರ್ಚಿಯ ಮೇಲೆ ಬ್ಯಾಗಿಟ್ಟು ನನಗೆ ಜಾಗ ಹಿಡಿಯುತ್ತಾಳೆ. ಪಂದ್ಯದಲ್ಲಿ ಬಾವುಟದ ಬಂಡಿಗಳಿಗೆ ಪ್ರವೇಶವಿಲ್ಲ. ಅದನ್ನು ತೆಗೆಯುವುದು ಹೇಗೆಂದು ಅವಳನ್ನೇ ಕೇಳಿದರೆ ಗುಟ್ಟು ರಟ್ಟು, ಕುರ್ಚಿಯೂ ಖಾಲಿ.

ರೇಸಿನಲ್ಲಿ ಹಿಂದೆ ಬಿದ್ದವರಿಗೇ ದೊಡ್ಡ ದೊಡ್ಡ ಅಸ್ತ್ರ ಕೊಡುವ ತಮ್ಮ ನ್ಯಾಯವನ್ನು ನಮ್ಮ ಗಣಿತ ವಿಭಾಗಕ್ಕೂ ಕಲಿಸಿಕೊಡಬೇಕೆಂದು ಪ್ರಾರ್ಥನೆ. ಕೊನೆಯ ಬೆಂಚಿಗೆ ತಲೆಗೊಂದು ರಾಕೆಟ್ ಸಾಕು. ಆ ಬಾವುಟವನ್ನು ಬಂಡಿಯಿಂದ ಬಿಚ್ಚಿ ನನ್ನ ಬೆನ್ನಿಗೇ ಕಟ್ಟಿದರೆ ಇನ್ನೂ ಉಪಕಾರ, ತಪ್ಪು ಕ್ಲಾಸಿಗೆ ನುಗ್ಗುವಾಗಲೂ ಯಾರೂ ಕೇಳದೆ ಬಾಯಿ ತೆರೆಯುವಾಗಲೂ ಮೆಲ್ಲಗೆ ಹಿಂದಕ್ಕೆಳೆಯಲಿ. ಇದ್ಯಾವುದೂ ಆಗದಿದ್ದರೆ ಭಾನುವಾರದ ಮಟ್ಟಿಗೆ ಎಲ್ಲರ ಬಂಡಿಗೂ ಬಾವುಟ ಏರಿಸಿಬಿಡಿ.

ಸ್ಟೀರಿಂಗ್ ಕೈಯಲ್ಲಿಲ್ಲದಿದ್ದರೂ ತಮ್ಮ ವಿಶ್ವಾಸಿ,
ಸ್ಕೂಲ್ ಚಾಂಪಿಯನ್ (ಮಾಜಿ)

ತಾ.ಕ.: ರೂಮ್‌ಮೇಟ್ ನನ್ನ ಬೆನ್ನ ಹಿಂದೆ ನಿಂತು ಇದಿಷ್ಟನ್ನೂ ಓದಿಬಿಟ್ಟಿದ್ದಾಳೆ. "ನಿನ್ ಬಾವುಟ ನೋಡೇ ಕಣೇ ನಿನ್ನ ಸೇರಿಸ್ಕೊಂಡಿದ್ದು. ನನ್ ಗಾಡಿಗೂ ಇದೆ. ಒಂದ್ಸಲನಾದ್ರೂ ಸ್ಕ್ರೀನಲ್ಲಿ ನನ್ ಪಾಲಿನ ಕಡೆ ತಿರುಗಿ ನೋಡಿದ್ಯಾ ನೀನು?" ಎನ್ನುತ್ತಿದ್ದಾಳೆ. ರಸ್ತೆಯನ್ನು ಛಾವಣಿಗೆ ಏರಿಸುವ ಗಡಿಬಿಡಿಯಲ್ಲಿ ತಮಗೆ, ಬಾವುಟ ಇಳಿಸುವ ಗುಂಡಿಯನ್ನು ಕಣ್ಣಿಗೆ ಕಾಣುವ ಕಡೆ ಇಡಲು ಪುರುಸೊತ್ತಾಗಲಿಲ್ಲವೆಂದು ತೋರುತ್ತದೆ. ನಾವಿಬ್ಬರೂ ಹುಡುಕಿದೆವು, ಸಿಗಲಿಲ್ಲ. ಅದು ಎಲ್ಲಿದೆಯೆಂದು ದಯವಿಟ್ಟು ಶನಿವಾರದೊಳಗೆ ತಿಳಿಸಿ. ಇಬ್ಬರಿಗೂ ಒಂದೇ ಉತ್ತರ ಸಾಕು.