ಇಪ್ಪತ್ತೆರಡು ಡಿಗ್ರಿ ಸೊಟ್ಟ

ಮಾಕಳಿಯ ಬೋಲ್ಟ್ ಕಾರ್ಖಾನೆಯ ತಾರಸಿಯ ಮೇಲೆ ಕೂತಿದ್ದ ಆ ಡಿಶ್ ಛತ್ರಿಗೆ ಬೆಳಿಗ್ಗೆಯಿಂದ ಒಂದೇ ರೋಗ. ಆಕಾಶದಿಂದ ಬಂದದ್ದೆಲ್ಲ ಅದಕ್ಕೆ ಚೆನ್ನಾಗಿ ಕೇಳಿಸುತ್ತಿತ್ತು. ಅದು ಆಡಿದ ಒಂದು ಮಾತೂ ಆಕಾಶಕ್ಕೆ ಮುಟ್ಟುತ್ತಿರಲಿಲ್ಲ. ಹೆಂಡತಿಯ ತವರಿಗೆ ಮೊದಲ ಸಲ ಬಂದ ಅಳಿಯನ ಸ್ಥಿತಿ.

ಅದರ ಬಾಯಿ ಬಿಡಿಸಲು ಬಂದವನು ಸಂಗಣ್ಣ, ಕುಷ್ಟಗಿ ಕಡೆಯ ಹುಡುಗ. ಉಪಗ್ರಹದ ಮೂಲಕ ಇಂಟರ್‌ನೆಟ್ ಕೊಡುವ ಕಂಪನಿಯೊಂದರಲ್ಲಿ ತಾರಸಿಯಿಂದ ತಾರಸಿಗೆ ಹತ್ತಿಳಿಯುವ ಕೆಲಸ. ಮಾಕಳಿಯಲ್ಲಿ ನೆಲದೊಳಗೆ ಕೇಬಲ್ ಇರಲಿಲ್ಲವೆಂದಲ್ಲ. ಇತ್ತು. ಆದರೆ ರಸ್ತೆ ಅಗೆಯುವ ಜೆಸಿಬಿಗಳು ಅದನ್ನು ಕಬ್ಬಿನ ಜಲ್ಲೆಯ ಹಾಗೆ ಜಗಿದು ಉಗಿಯುತ್ತಿದ್ದವು. ನೆಲದ ಸಹವಾಸವೇ ಸಾಕೆಂದು ಕಾರ್ಖಾನೆಯವರು ಆಕಾಶಕ್ಕೆ ಮೊರೆ ಹೋಗಿದ್ದರು.

ಸಂಗಣ್ಣನಿಗೆ ಅವತ್ತೇ ಆ ಕೆಲಸ ಮುಗಿಯಬೇಕಿತ್ತು. ಮರುದಿನ ಬೆಳಿಗ್ಗೆ ಊರಿನಲ್ಲಿ ಅವನ ನಿಶ್ಚಿತಾರ್ಥ. ಇದೇ ನಿಶ್ಚಿತಾರ್ಥ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಒಮ್ಮೆ ಹೆಬ್ಬಗೋಡಿಯ ಪೆಟ್ರೋಲ್ ಬಂಕಿನ ಛತ್ರಿಯಿಂದ, ಇನ್ನೊಮ್ಮೆ ದೊಡ್ಡನೆಕ್ಕುಂದಿಯ ಗೋದಾಮಿನ ಛತ್ರಿಯಿಂದ. ಹುಡುಗಿ ಶಿವಗಂಗಾಳ ಅಪ್ಪ ಗಂಗಪ್ಪ ಸಂಭಾವಿತ ಮನುಷ್ಯ, ಬಯ್ಯಲಿಲ್ಲ. ಮೂರನೇ ಸಲವೂ ತಪ್ಪಿದರೆ ಅದೇ ಚಪ್ಪರದಲ್ಲಿ, ಅದೇ ಅಡುಗೆ ಹಳಸುವ ಮೊದಲು, ಬೇರೆ ಹುಡುಗನನ್ನು ಕೂರಿಸುತ್ತೇನೆ ಎಂದು ಮೆತ್ತಗೆ ಹೇಳಿ ಕಳಿಸಿದ್ದ. ಆ ಬೇರೆ ಹುಡುಗ ಯಾರೆಂಬುದೂ ಸಂಗಣ್ಣನಿಗೆ ಗೊತ್ತಿತ್ತು. ಕುಷ್ಟಗಿಯಲ್ಲೇ ರಸಗೊಬ್ಬರದ ಅಂಗಡಿ ಇಟ್ಟುಕೊಂಡು, ಜನ್ಮದಲ್ಲಿ ಒಂದು ಏಣಿಯನ್ನೂ ಹತ್ತದವನು.

ಊರಿನ ಬಸ್ಸು ಕತ್ತಲಾಗುವ ಹೊತ್ತಿಗೆ ಮಾಕಳಿ ಸ್ಟಾಪಿನಲ್ಲೇ ಹತ್ತಿಸಿಕೊಂಡು ಹೋಗುತ್ತಿತ್ತು. ಕಾರ್ಖಾನೆಯ ತಾರಸಿಯಿಂದ ಸ್ಟಾಪು ಕಾಣುತ್ತಿತ್ತು. ಅವನ ಕಂಪನಿಯ ಮ್ಯಾನೇಜರ್ ಮಾತ್ರ ರಜೆಗೆ ಎರಡು ಗಂಟು ಹಾಕಿದ್ದರು. ಹಬ್‌ನ ಪರದೆಯ ಮೇಲೆ ಲಿಂಕ್ ಹಸಿರಾಗಿರಬೇಕು; ಕಾರ್ಖಾನೆಯವರು ಕೆಲಸ ಒಪ್ಪಿ ಸಹಿ ಹಾಕಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಊರಿನ ಮಾತೆತ್ತಬೇಡ ಎಂದಿದ್ದರು.

ಹಬ್ ಎಂದರೆ ಊರೂರಿನ ಛತ್ರಿಗಳು ಆಡುವ ಮಾತನ್ನು ಕೂತು ಕೇಳುವ ಆಫೀಸು. ಅವತ್ತು ಅಲ್ಲಿ ಕೂತಿದ್ದವಳು ದಿವ್ಯಾ. ಉಪಗ್ರಹ ನೆತ್ತಿಯ ಮೇಲಿಲ್ಲ, ಪೂರ್ವಕ್ಕೆ ಸರಿದು ನಿಂತಿದೆ. ಆದ್ದರಿಂದ ಛತ್ರಿಯ ಮುಂದೆ ಚಾಚಿಕೊಂಡಿರುವ ಮೂತಿಯನ್ನು ಇಪ್ಪತ್ತೆರಡು ಡಿಗ್ರಿ ಓರೆಯಾಗಿ ತಿರುಗಿಸಿ ಬಿಗಿಯಬೇಕು ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು. ಕೇಳುವುದಕ್ಕೆ ಮೂತಿ ಹೇಗಿದ್ದರೂ ಅಷ್ಟಿಷ್ಟು ನಡೆಯುತ್ತದೆ. ಮಾತಾಡುವುದಕ್ಕೆ ಮಾತ್ರ ಆ ಓರೆ ಬೇಕೇ ಬೇಕು. ಇಲ್ಲವಾದರೆ ನಮ್ಮ ಮಾತು ಪಕ್ಕದವರ ದಾರಿಗೆ ನುಗ್ಗುತ್ತದೆ, ಹಬ್‌ನವರು ಕೂಡಲೇ ಬಾಯಿ ಮುಚ್ಚಿಸುತ್ತಾರೆ.

ಇದು ಇಬ್ಬರ ಕೆಲಸ. ಮೇಲೊಬ್ಬ ಮೂತಿ ತಿರುಗಿಸಬೇಕು, ಕೆಳಗೊಬ್ಬ ಮೋಡೆಮ್ ಮುಂದೆ ಕೂತು ಪರೀಕ್ಷೆಯ ಸಿಗ್ನಲ್ ಬಿಡಬೇಕು. ಕಂಪನಿ ಹೋದ ವರ್ಷ ಸಹಾಯಕರನ್ನೆಲ್ಲ ತೆಗೆದುಹಾಕಿ, ಉಳಿದವರಿಗೆ ದೇಹಾರೋಗ್ಯದ ಬಗ್ಗೆ ಒಂದು ವಿಡಿಯೊ ಕಳಿಸಿತ್ತು. ಸಂಗಣ್ಣ ಮೂತಿಯನ್ನು ಅಳತೆ ಹಿಡಿದು ತಿರುಗಿಸಿ, ಬಿಗಿದು, ಮೂರು ಮಹಡಿ ಇಳಿದು ಸಿಗ್ನಲ್ ಬಿಟ್ಟು ದಿವ್ಯಾಳಿಗೆ ಫೋನ್ ಮಾಡಿದ.

"ಓರೆ ಸಾಲ್ದು ಸಂಗಣ್ಣ ಅವ್ರೇ. ಪಕ್ಕದ ಚಾನೆಲ್‌ಗೆ ನುಗ್ತಿದೀರ. ಬಂದ್ ಮಾಡ್ತಿದೀನಿ," ಎಂದಳು ದಿವ್ಯಾ.

ತಾನು ಕೈಯಾರೆ ಇಟ್ಟ ಅಳತೆ ತಪ್ಪಲು ಸಾಧ್ಯವೇ ಇಲ್ಲ ಎಂದು ಸಂಗಣ್ಣ ವಾದಿಸಿದ. ಅವಳ ಪರದೆಯನ್ನೇ ಒಮ್ಮೆ ಒರೆಸಿ ನೋಡಲು ಹೇಳಿದ. ಫೋನ್ ಇಟ್ಟ ಮೇಲೆ ಕೇಬಲ್ಲಿನ ಮೇಲೆ ಅನುಮಾನ ಬಂದು ತುದಿ ಕತ್ತರಿಸಿ ಹೊಸ ಪಿನ್ ಹಾಕಿದ. ಏನೂ ಆಗಲಿಲ್ಲ. ಕೊನೆಗೆ ಮೇಲೆ ಹತ್ತಿ ನೋಡಿದರೆ ಮೂತಿ ದೇವರ ಮುಂದಿನ ದೀಪದಂತೆ ನೆಟ್ಟಗೆ ನಿಂತಿತ್ತು.

ಅವನ ಮೈ ಉರಿಯಿತು. ಬಿಗಿದ ಬೋಲ್ಟು ತಾನಾಗಿ ಜಾರಿದೆ ಎಂದರೆ ಕಂಪನಿ ಕಳಿಸಿದ ಸಾಮಾನು ಎಂಥದ್ದಿರಬೇಕು. ಸಹಾಯಕನನ್ನು ತೆಗೆದರು, ಸಹಿಸಿಕೊಂಡೆ; ಈಗ ಬೋಲ್ಟಿನ ಹಲ್ಲಿನಲ್ಲೂ ದುಡ್ಡು ಉಳಿಸಲು ಹೊರಟರೇ? ಮತ್ತೆ ಇಪ್ಪತ್ತೆರಡಕ್ಕೆ ತಿರುಗಿಸಿ, ಸ್ಪಾನರಿನ ಮೇಲೆ ಮೈಭಾರ ಬಿಟ್ಟು ಬಿಗಿದ.

ಅಷ್ಟರಲ್ಲಿ ಕಟ್ಟಡದ ಯಜಮಾನ ಲಕ್ಷ್ಮಯ್ಯ ಮೇಲೆ ಬಂದ. ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವನು; ಈಗ ಬಾಡಿಗೆ ಬೆಳೆಯುತ್ತಿದ್ದ. ತಾರಸಿಯ ಅಂಚಿಗೆ ಗಾರೆಯವರನ್ನು ಹಚ್ಚಿ ಗೋಡೆ ಎತ್ತಿಸುತ್ತಿದ್ದದ್ದರಿಂದ ದಿನಕ್ಕೆ ಹತ್ತು ಸಲ ಹತ್ತಿ ಬರುತ್ತಿದ್ದ. ತನ್ನ ಮನೆಯ ಟಿವಿ ಡಿಶ್ ಹಾಕಿದ ಹುಡುಗ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿ ಹೋದದ್ದನ್ನು ವಿವರವಾಗಿ ಹೇಳಿದ. ಟಿವಿ ಡಿಶ್ ಬರೀ ಕೇಳುತ್ತದೆ, ಇದು ಮಾತಾಡಬೇಕು, ಅದಕ್ಕೇ ಈ ಓರೆ ಎಂದು ಸಂಗಣ್ಣ ಹಲ್ಲು ಕಚ್ಚಿಕೊಂಡು ತಿಳಿಸಿ ಹೇಳಿದ.

ಲಕ್ಷ್ಮಯ್ಯ ತಲೆದೂಗಿದ. "ಅಂಗನ್ನು ಮತ್ತೆ. ಕೇಳಾದು ಎಂಗಿದ್ರೂ ಕೇಳುತ್ತೆ, ಮಾತು ಮಾತ್ರ ಸೊಟ್ಟಕ್ಕೇ ಆಡ್ಬೇಕು. ನಮ್ಮ ದೊಡ್ಡ ಅಳೀಮಯ್ಯನ್ನ ತಂದು ತಾರ್ಸಿ ಮೇಲೆ ಕೂರ್ಸಿದೀಯ ಕಣಪ್ಪ."

ನಗುವ ಸ್ಥಿತಿಯಲ್ಲಿ ಸಂಗಣ್ಣ ಇರಲಿಲ್ಲ. ಇಳಿದು ಸಿಗ್ನಲ್ ಬಿಟ್ಟ. ದಿವ್ಯಾ ಈ ಸಲ ಮೊದಲಿಗಿಂತ ಖಾರವಾಗಿಯೇ ಹೇಳಿದಳು. ಮೂತಿಯಲ್ಲಿ ಓರೆಯೇ ಇಲ್ಲವಂತೆ, ಒಂದು ಕೂದಲಿನಷ್ಟೂ ಇಲ್ಲವಂತೆ. ಅವನ ಹಿಂದೆ ಇನ್ನೂ ನಾಲ್ಕು ಊರಿನ ಹುಡುಗರು ಸಾಲಿನಲ್ಲಿ ಕಾಯುತ್ತಿದ್ದಾರಂತೆ. ಫೋನ್ ಇಟ್ಟ ಕೂಡಲೇ ಊರಿನಿಂದ ಅವ್ವ ಶೇಖವ್ವನ ಕರೆ ಬಂತು. ಗಂಗಪ್ಪನ ಮನೆಯ ಮುಂದೆ ಚಪ್ಪರ ಎದ್ದಿದೆ, ಆದರೆ ರಸಗೊಬ್ಬರದ ಹುಡುಗನೂ ಹೊಸ ಅಂಗಿ ಹೊಲಿಸಿಕೊಂಡಿದ್ದಾನೆಂದು ಸುದ್ದಿ ಎಂದಳು.

ಇದು ಬೋಲ್ಟಿನ ಕೆಲಸವಲ್ಲ ಎನಿಸಿ ಸಂಗಣ್ಣ ಬೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿದ.

ತಾರಸಿಯ ಮೇಲೆ ಛತ್ರಿಯ ಮುಂದೆ ಗಾರೆ ಯಮನೂರ ಮೊಣಕಾಲೂರಿ ಕೂತಿದ್ದ. ಗೋಡೆಗೆ ಹಿಡಿಯುವ ರಸಮಟ್ಟವನ್ನು ಮೂತಿಯ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ, ಗಾಜಿನೊಳಗಿನ ಗುಳ್ಳೆ ನಡುಮಧ್ಯಕ್ಕೆ ಬರುವವರೆಗೆ ಮೂತಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಸಂಗಣ್ಣನ ಸ್ಪಾನರೇ ಅವನ ಕೈಯಲ್ಲಿತ್ತು.

"ಕಾಕಾ, ಅದನ್ನ ಮುಟ್ಟು ಅಂತ ಯಾರು ಹೇಳಿದ್ರು ನಿಮಗ?" ಸಂಗಣ್ಣ ಸ್ಪಾನರನ್ನು ಕಿತ್ತುಕೊಂಡ.

ಯಮನೂರ ಗಾಬರಿಯಾಗಲಿಲ್ಲ. ಉಪಕಾರ ಮಾಡುವಾಗ ಸಿಕ್ಕಿಬಿದ್ದವನ ನಾಚಿಕೆ ಅಷ್ಟೇ ಅವನ ಮುಖದಲ್ಲಿತ್ತು. "ನೀ ಸೊಟ್ಟ ಬಿಟ್ಟು ಹೋಗಿದ್ದಿ ತಮ್ಮಾ. ಅವಸರದಾಗ ಅದೀ, ಲಗ್ನದ ಹುಡುಗ, ಅಂತ ನಾನ ನೆಟ್ಟಗ ಮಾಡಿದೆ. ಮತ್ತ ಸೊಟ್ಟ ಆತು. ಮತ್ತ ನೆಟ್ಟಗ ಮಾಡಿದೆ. ಈ ಬೋಲ್ಟ್ ಸರಿ ಇಲ್ಲ ನೋಡು, ನಿಲ್ಲವಲ್ಲದು."

ಸಂಗಣ್ಣ ಆಡಬಾರದ ಮಾತನ್ನೆಲ್ಲ ಆಡಿದ. ಯಮನೂರನ ಹತ್ತಿರ ಅದಕ್ಕೆಲ್ಲ ಒಂದೇ ಉತ್ತರವಿತ್ತು. ಕಟ್ಟುವ ಗೋಡೆಯ ಪಕ್ಕದಲ್ಲಿ ಸೊಟ್ಟ ಸಾಮಾನು ನಿಂತರೆ ಗೋಡೆಯೇ ಸೊಟ್ಟ ಕಾಣುತ್ತದೆ. ನಾಳೆ ನೋಡಿದವರು ಗಾರೆಯವನನ್ನು ಬಯ್ಯುತ್ತಾರೆ ಹೊರತು ಛತ್ರಿಯವನನ್ನಲ್ಲ. ಉಪಗ್ರಹ ಪೂರ್ವಕ್ಕೆ ಸರಿದು ನಿಂತಿರುವ ಸಂಗತಿಯನ್ನು ಸಂಗಣ್ಣ ಕೈಯೆತ್ತಿ ತೋರಿಸಿ ವಿವರಿಸಿದ. ಯಮನೂರ ಹಣೆಗೆ ಅಂಗೈ ಅಡ್ಡ ಹಿಡಿದು ಆಕಾಶವನ್ನೇ ಬಹಳ ಹೊತ್ತು ನೋಡಿದ.

"ಹಂಗಾರ ತಪ್ಪು ಅದನ್ನ ಅಲ್ಲಿ ನಿಲ್ಲಿಸಿದವಂದು," ಎಂದ.

ಸಂಗಣ್ಣ ಕೈಮುಗಿದ. ಇದು ಒಂದು ನೂಲಿನಷ್ಟು ಅಲುಗಿದರೂ ನನ್ನ ನಿಶ್ಚಿತಾರ್ಥ ಹೋಯಿತು, ಇನ್ನು ನೀವೇ ಕಾವಲು ಎಂದು ಬೇಡಿಕೊಂಡು, ಮೂತಿಯನ್ನು ಮತ್ತೆ ಓರೆ ಮಾಡಿ ಬಿಗಿದು ಇಳಿದ. ಈ ಸಲ ದಿವ್ಯಾ ಪಾಸ್ ಎಂದಳು. ಲಿಂಕ್ ಹಸಿರಾಯಿತು. ನಿಶ್ಚಿತಾರ್ಥಕ್ಕೆ ಶುಭಾಶಯ ಹೇಳಿ, ತನ್ನ ಪರದೆ ಒರೆಸಬೇಕಾದದ್ದು ಇನ್ನೂ ಇದೆಯೇ ಎಂದೂ ಕೇಳಿದಳು.

ಉಳಿದದ್ದು ಸಹಿ. ಸಹಿ ಹಾಕಬೇಕಾದವರು ಕಾರ್ಖಾನೆಯ ಕ್ವಾಲಿಟಿ ಸಾಹೇಬರು, ಚಿರಂಜೀವಿ. ಬೋಲ್ಟುಗಳನ್ನು ಅಳೆದೂ ಅಳೆದೂ ಎದುರು ಬಂದ ಮನುಷ್ಯರನ್ನೂ ಮೇಲಿಂದ ಕೆಳಗೆ ಅಳೆದೇ ನೋಡುವವರು. ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಓಡುತ್ತಿದ್ದದ್ದನ್ನು ನೋಡಿ ಸಂತೋಷಪಟ್ಟರು. ಒಮ್ಮೆ ಮೇಲೆ ಹೋಗಿ ನೋಡಿ ಬಿಡೋಣ ಎಂದರು. ನೋಡಿದರು. ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

"ಇದಕ್ಕೆ ಸೈನ್ ಹಾಕಕ್ಕಾಗಲ್ಲ. ಸೊಟ್ಟ ಇದೆ."

"ಸೊಟ್ಟ ಇದ್ರೇ ಕೆಲಸ ಮಾಡೋದು ಸಾರ್."

"ನಾಳೆ ಆಡಿಟ್ ಇದೆಯಪ್ಪ. ಆಡಿಟರ್ ಕಣ್ಣಿಗೆ ಇಂಟರ್‌ನೆಟ್ ಕಾಣಲ್ಲ, ಸೊಟ್ಟ ಕಾಣುತ್ತೆ."

ಪಕ್ಕದಲ್ಲಿ ಗೋಡೆಗೆ ಇಟ್ಟಿಗೆ ಜೋಡಿಸುತ್ತಿದ್ದ ಯಮನೂರ, ಲೋಕದಲ್ಲಿ ಇನ್ನೂ ನ್ಯಾಯ ಉಳಿದಿದೆ ಎಂಬಂತೆ ಸಾಹೇಬರ ಕಡೆ ಗೌರವದಿಂದ ನೋಡಿದ.

ಸಂಗಣ್ಣ ಕಾಗದವನ್ನು ಮಡಿಸಿಟ್ಟುಕೊಂಡ. ಕೆಲಸ ಮಾಡದ ಛತ್ರಿಗೆ ಮರ್ಯಾದೆ, ಮಾಡುವ ಛತ್ರಿಗೆ ಅವಮಾನ. ಇದು ಯಾವ ಊರಿನ ನೀತಿ? ಉಪಗ್ರಹವೂ ಓದಿದವರೇ ಮಾಡಿದ್ದು, ಅದರ ಲೆಕ್ಕವನ್ನು ಒಬ್ಬ ಗಾರೆಯವ ಒಪ್ಪುವುದಿಲ್ಲ, ಒಬ್ಬ ಇಂಜಿನಿಯರ್ ಕೂಡ ಒಪ್ಪುವುದಿಲ್ಲ. ಸಾಹೇಬರ ಎದುರು ಇದನ್ನೆಲ್ಲ ಅನ್ನಲಾಗದೆ, ಮೂಲೆಗೆ ಹೋಗಿ ಮ್ಯಾನೇಜರಿಗೆ ಫೋನಿನಲ್ಲಿ ಅಂದ. ಅವರು ಕೊನೆಯವರೆಗೂ ಕೇಳಿಸಿಕೊಳ್ಳಲಿಲ್ಲ.

"ಮಗಾ, ಇಷ್ಟಕ್ಕೆ ಯಾಕೆ ಅಳ್ತೀಯ? ನೆಟ್ಟಗೆ ಮಾಡು, ಸೈನ್ ಹಾಕಿಸ್ಕೋ, ಅವರು ಆ ಕಡೆ ಹೋದ್ಮೇಲೆ ಮತ್ತೆ ಸೊಟ್ಟ ಮಾಡು. ನಾಳೆ ಆಡಿಟ್‌ನಲ್ಲಿ ಏನಾಗುತ್ತೋ ನಾಳೆ ನೋಡ್ಕೊಳೋಣ."

ಮ್ಯಾನೇಜರುಗಳು ಮ್ಯಾನೇಜರುಗಳಾಗುವುದು ಸುಮ್ಮನೆ ಅಲ್ಲ ಎಂದು ಸಂಗಣ್ಣನಿಗೆ ಅವತ್ತು ಒಪ್ಪಿಗೆಯಾಯಿತು. ಮೋಡೆಮ್ ಆರಿಸಿ ಬಂದ. ಮೂತಿಯ ಸರಿಯಾದ ಜಾಗಕ್ಕೆ ಮಾರ್ಕರಿನಿಂದ ಒಂದು ಗೆರೆ ಎಳೆದ. ಆ ಗೆರೆಗೆ ಮತ್ತೆ ಕೂರಿಸಿ ಮೋಡೆಮ್ ಹಚ್ಚಿದರೆ ಲಿಂಕ್ ತಾನಾಗಿ ಹಸಿರಾಗುತ್ತದೆ, ದಿವ್ಯಾಳನ್ನು ಕೇಳುವ ಗೋಜೂ ಇಲ್ಲ. ಆಮೇಲೆ ಎಲ್ಲರೂ ನೋಡುವಂತೆ ಮೂತಿಯನ್ನು ನೆಟ್ಟಗೆ ತಿರುಗಿಸಿ ಬಿಗಿದ.

ಚಿರಂಜೀವಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಈಗ ಕೆಲಸದ ಹಾಗೆ ಕಾಣುತ್ತದೆ ಎಂದರು. ಯಮನೂರನ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. "ಕಡೀಕ ತಿಳ್ಕೊಂಡೆಲ್ಲ ತಮ್ಮಾ," ಎಂದ. ಬೆಳಿಗ್ಗೆ ಬಯ್ದದ್ದಕ್ಕೆ ಸಂಗಣ್ಣನಿಗೂ ಒಳಗೊಳಗೇ ಕೆಡುಕೆನಿಸಿತ್ತು. ನಕ್ಕು, ಅವನ ಹೆಗಲು ತಟ್ಟಿ, ಸಾಹೇಬರ ಹಿಂದೆ ಇಳಿದ.

ಸಹಿ ಒಂದು ಕ್ಷಣದಲ್ಲಿ ಆಯಿತು. ಸೀಲು ಆಗಲಿಲ್ಲ. ಸೀಲು ಬೀರುವಿನಲ್ಲಿತ್ತು, ಬೀರುವಿನ ಕೀಲಿ ಸ್ಟೋರಿನವನ ಹತ್ತಿರ, ಸ್ಟೋರಿನವನು ಬೇಕರಿಯಲ್ಲಿ. ಕೂತಿರಪ್ಪ ಎಂದು ಚಿರಂಜೀವಿ ಟೀ ತರಿಸಿದರು. ಹುಡುಗಿ ಏನು ಓದಿದ್ದಾಳೆ, ಊರಲ್ಲಿ ಮಳೆ ಹೇಗೆ ಎಂದೆಲ್ಲ ವಿಚಾರಿಸಿದರು. ಸಂಗಣ್ಣ ಕುರ್ಚಿಯ ತುದಿಯಲ್ಲಿ ಕೂತು ಗಂಟಲು ಸುಟ್ಟುಕೊಂಡು ಕುಡಿದ. ನಡುವೆ ಮೆಟ್ಟಿಲ ಕಿಟಕಿಯಲ್ಲಿ ಪಳಪಳನೆ ನೀಲಿ ಬೆಳಕು ಹೊಡೆಯಿತು. ಮಾಕಳಿಗೂ ಮಳೆ ಬರುವ ಹಾಗಿದೆ ಎಂದರು ಚಿರಂಜೀವಿ.

ಸೀಲು ಬಿತ್ತು. ಕಾಗದವನ್ನು ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡು ಸಂಗಣ್ಣ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಬೀದಿಯ ದೀಪಗಳು ಹತ್ತಿಕೊಂಡಿದ್ದವು. ಬಸ್ಸು ಇನ್ನೇನು ಬರುವ ಹೊತ್ತು. ಒಂದು ತಿರುವು, ಒಂದು ಬಿಗಿತ, ಮೋಡೆಮಿನ ಒಂದು ಗುಂಡಿ, ಆಮೇಲೆ ಶಿವಗಂಗಾ.

ಸ್ಪಾನರನ್ನು ಬೋಲ್ಟಿಗೆ ಹಾಕಿ ತಿರುವಿದ. ಬೋಲ್ಟು ಅಲುಗಲಿಲ್ಲ. ಕಾಲನ್ನು ಕಂಬಕ್ಕೆ ಒದ್ದು ಹಿಡಿದು ತಿರುವಿದ. ಸ್ಪಾನರು ಜಾರಿ ಅವನೇ ಮರಳಿನ ಗುಡ್ಡೆಯ ಮೇಲೆ ಕೂತ. ಮೊಬೈಲಿನ ದೀಪ ಬಿಟ್ಟು ನೋಡಿದ. ನಾಲ್ಕೂ ಬೋಲ್ಟಿನ ತಲೆಗಳು ಮೂತಿಯನ್ನು ಹಿಡಿದ ಕಬ್ಬಿಣದ ಪಟ್ಟಿಗೆ ಕರಗಿ ಅಂಟಿಕೊಂಡು, ಇನ್ನೂ ಬಿಸಿಯಾರದೆ ಹೊಗೆಯಾಡುತ್ತಿದ್ದವು.

ಕೆಳಗೆ ಸ್ಟಾಪಿನಲ್ಲಿ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು.

ಯಮನೂರ ಕೈಕಾಲು ತೊಳೆದುಕೊಂಡು, ಟವೆಲಿನಲ್ಲಿ ಮುಖ ಒರೆಸುತ್ತ ಹತ್ತಿರ ಬಂದ. ಬೆಳಿಗ್ಗೆ ಬೈಸಿಕೊಂಡದ್ದರ ಬೇಸರ ಅವನಲ್ಲಿ ಲವಲೇಶವೂ ಉಳಿದಿರಲಿಲ್ಲ.

"ಮೆಟ್ಟಲಕ್ಕ ರೇಲಿಂಗ್ ಹಾಕಾಕ ವೆಲ್ಡರ್ ಬಂದಿದ್ದ ತಮ್ಮಾ. ನೀ ಬೇಡ್ಕೊಂಡಿದ್ದಿ, ನೂಲಿನಷ್ಟೂ ಅಲುಗಬಾರದು ಅಂತ. ಕೈಕಾಲು ಹಿಡಿದು ನಾಕೂ ಬೋಲ್ಟಿಗೆ ವೆಲ್ಡಿಂಗ್ ಹೊಡಿಸೀನಿ. ಇನ್ನ ನಿಶ್ಚಿಂತಿ ಊರಿಗೆ ಹೋಗು. ಅದನ್ನ ಯಾವ ಮಗನೂ ಸೊಟ್ಟ ಮಾಡಾಕ ಆಗಂಗಿಲ್ಲ. ನೀ ಬಂದು ನಿಂತ್ರೂ ಆಗಂಗಿಲ್ಲ."